ಒಂದೇ ಪದ, ನಾಲ್ಕು ಅರ್ಥ

ಕ್ರಿಕೆಟ್ ಅಂಪೈರ್ ‘ಡೆಡ್ ಬಾಲ್’ ಎಂದರೆ ಚೆಂಡು ಸತ್ತಿತೆಂದು ಯಾರೂ ಮರುಗುವುದಿಲ್ಲ. ಇನ್ನು ಆ ಎಸೆತಕ್ಕೆ ರನ್ನೂ ಇಲ್ಲ, ವಿಕೆಟ್ಟೂ ಇಲ್ಲ ಎಂದಷ್ಟೇ ಅದರ ಅರ್ಥ. ನಿಯಮದೊಳಕ್ಕೆ ಬರುವ ಪದ ತನ್ನ ಬೀದಿಯ ಅರ್ಥವನ್ನು ಚಪ್ಪಲಿಯಂತೆ ಬಾಗಿಲಲ್ಲೇ ಬಿಟ್ಟು ಬರುತ್ತದೆ. ಇದನ್ನು ಮರೆತರೆ ಎಂಥ ಜಗಳವಾಗುತ್ತದೆ ಎಂಬುದು ಪಾತ್ರ ವಹಿಸಿ ಆಡುವ ಮೇಜಿನಾಟದ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಈ ಆಟ ಹಲವು ತಂದೆತಾಯಿಯರಿಗೆ ಹೊಸದಿರಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ‘ನಾನು ಗುಹೆಯೊಳಗೆ ಹೋಗುತ್ತೇನೆ’ ಎಂದು ಬಾಯಲ್ಲಿ ಹೇಳಿದರೆ ಹೋದಂತೆಯೇ. ಪ್ರಯತ್ನ ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ಉರುಳಿಸಿ ತಿಳಿಯುತ್ತಾರೆ. ಪಗಡೆಯಂತೆ ಇಲ್ಲಿ ಹಾಸು ಕಡ್ಡಾಯವಲ್ಲ. ಆಟವೆಲ್ಲ ಮಾತಿನಲ್ಲೇ ನಡೆಯುವುದರಿಂದ ಪುಸ್ತಕದ ಪದಗಳೇ ಇಲ್ಲಿ ಮನೆ, ಗೆರೆ ಎಲ್ಲವೂ.

ಆ ಪದಗಳೋ, ಒಮ್ಮೊಮ್ಮೆ ಬಹಳ ಕಾಡುತ್ತವೆ. ‘ಲೆವೆಲ್’ ಎಂಬ ಪದವನ್ನೇ ನೋಡಿ. ಪಾತ್ರದ ಅನುಭವಕ್ಕೂ ಲೆವೆಲ್, ಮಂತ್ರದ ಕಠಿಣತೆಗೂ ಲೆವೆಲ್, ರಾಕ್ಷಸನ ಬಲಕ್ಕೂ ಲೆವೆಲ್, ನೆಲಮಾಳಿಗೆಯ ಅಂತಸ್ತಿಗೂ ಲೆವೆಲ್! ಗೈಗ್ಯಾಕ್ಸ್ ತಮ್ಮ 1978ರ ಆಟಗಾರರ ಕೈಪಿಡಿಯಲ್ಲಿ ಈ ತೊಡಕನ್ನು ತಾವೇ ವಿವರಿಸಿದ್ದಾರೆ. ಪಾತ್ರಕ್ಕೆ ‘ರ‍್ಯಾಂಕ್’, ಮಂತ್ರಕ್ಕೆ ‘ಪವರ್’, ರಾಕ್ಷಸನಿಗೆ ‘ಆರ್ಡರ್’ ಎಂದು ಬೇರೆ ಬೇರೆ ಹೆಸರಿಡುವ ಯೋಚನೆ ಇತ್ತಂತೆ. ಆದರೆ ಬಳಕೆ ಆಗಲೇ ಬೇರೂರಿದ್ದರಿಂದ ನಾಲ್ಕಕ್ಕೂ ಲೆವೆಲ್ ಎಂದೇ ಉಳಿಸಿಕೊಂಡರು. 3ನೇ ಲೆವೆಲ್ ಮಾಂತ್ರಿಕನಿಗೆ 3ನೇ ಲೆವೆಲ್ ಮಂತ್ರ ಬಂದೇ ಬರುತ್ತದೆ ಎಂದುಕೊಂಡ ಹೊಸಬ ಎಡವುವುದು ಇಲ್ಲೇ. ಆ ಮಂತ್ರ ಕೈಗೆ ಬರುವುದು 5ನೇ ಲೆವೆಲ್ಲಿಗೆ.

ಇನ್ನು ಕಾಲದ ಮಾತು. ಆ ಕೈಪಿಡಿಯ ಕಾಲದ ನಿಯಮದಂತೆ ಒಂದು ‘ರೌಂಡ್’ ಎಂದರೆ ಒಂದು ನಿಮಿಷ, ಒಂದು ‘ಟರ್ನ್’ ಎಂದರೆ ಹತ್ತು ನಿಮಿಷ. 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ರೌಂಡ್ 6 ಸೆಕೆಂಡಿಗೆ ಇಳಿಯಿತು. ಟರ್ನ್ ಎಂದರೆ ಆ ರೌಂಡಿನೊಳಗೆ ಒಬ್ಬನ ಸರದಿ ಎಂದಾಯಿತು. ಇಬ್ಬರು ಗೆಳೆಯರು ಒಬ್ಬ ಹಳೆಯ ಪುಸ್ತಕ, ಇನ್ನೊಬ್ಬ ಹೊಸದು ಹಿಡಿದು ಕೂತರೆ ವಾದ ಎಂದಿಗೂ ಮುಗಿಯದು. ಮಾನ ಬರೆಯದ ಉತ್ತರವೂ ಹೀಗೆಯೇ. ಬರೀ ‘5’ ಎಂದರೆ ಮೀಟರೋ ಮೈಲಿಯೋ?

2014ರ ಐದನೆಯ ಆವೃತ್ತಿಯಲ್ಲಿ ‘ಅಟ್ಯಾಕ್’ ಎಂಬ ಪದಕ್ಕೆ ಕಟ್ಟುನಿಟ್ಟಾದ ಪರೀಕ್ಷೆ ಇದೆ. ಇದು ಅಟ್ಯಾಕೋ ಅಲ್ಲವೋ ಎಂಬ ಸಂದೇಹ ಬಂದರೆ, ಅಟ್ಯಾಕಿಗೆಂದೇ ಇರುವ ದಾಳವನ್ನು ಉರುಳಿಸಿದ್ದೀರಾ ನೋಡಿ. ಉರುಳಿಸಿದರೆ ಅಟ್ಯಾಕ್. ಮಾಂತ್ರಿಕ ಬೆಂಕಿಯುಂಡೆ ಎಸೆದು ಹತ್ತು ಶತ್ರುಗಳನ್ನು ಸುಟ್ಟರೂ, ಅಲ್ಲಿ ದಾಳ ಉರುಳಿಸುವವರು ತಪ್ಪಿಸಿಕೊಳ್ಳಲು ಹೆಣಗುವ ಶತ್ರುಗಳು. ಆದ್ದರಿಂದ ಅದು ನಿಯಮದ ಪ್ರಕಾರ ಅಟ್ಯಾಕ್ ಅಲ್ಲ! ‘ಇದೆಂಥ ಅನ್ಯಾಯ’ ಎನ್ನಿಸುತ್ತದೆ, ಅಲ್ಲವೇ?

ಹಾಗಾದರೆ ನಮ್ಮ ಭೌತಶಾಸ್ತ್ರವನ್ನು ನೋಡಿ. ಹಮಾಲಿಯೊಬ್ಬ 50 ಕಿಲೋ ಮೂಟೆ ಹೊತ್ತು ಒಂದು ಗಂಟೆ ನಿಂತಲ್ಲೇ ನಿಂತಿದ್ದಾನೆ. ಮೈಯೆಲ್ಲ ಬೆವರು. ಅವನು ಮೂಟೆಯ ಮೇಲೆ ಮಾಡಿದ ಕೆಲಸ ಎಷ್ಟು? ಸೊನ್ನೆ! ಬಲ ಪ್ರಯೋಗವಾದ ದಿಕ್ಕಿನಲ್ಲಿ ವಸ್ತು ಸರಿದಿಲ್ಲ. ಇದು ಹಮಾಲಿಯ ಶ್ರಮಕ್ಕೆ ಮಾಡಿದ ಅವಮಾನವಲ್ಲ. ‘ಕೆಲಸ’ ಎಂಬ ಪದಕ್ಕೆ ಶಾಸ್ತ್ರ ಕೊಟ್ಟ ಅರ್ಥ. ಬೀದಿಯ ಅರ್ಥವನ್ನು ಉತ್ತರಪತ್ರಿಕೆಗೆ ತಂದವನಿಗೆ ಅಂಕ ಹೋಗುತ್ತದೆ.

ವಿದ್ಯಾರ್ಥಿಗಳೇ, ನಿಯಮ ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪುಸ್ತಕ ಈ ಪದಕ್ಕೆ ಬೇರೆ ಅರ್ಥ ಕೊಟ್ಟಿದೆಯೇ? ಕೊಟ್ಟಿದ್ದರೆ ಅದೇ ಸರಿ. ಕೊಟ್ಟಿಲ್ಲವೇ? ಆಗ ಆಡುಮಾತಿನ ಅರ್ಥವೇ ಸಾಕು. ಇಲ್ಲದ ಗೂಢಾರ್ಥ ಹುಡುಕಬೇಡಿ. ಮೂರನೆಯದು, ಇದಕ್ಕೆಂದೇ ವಿಶೇಷ ನಿಯಮ ಇದೆಯೇ? ಇದ್ದರೆ ಅದು ಸಾಮಾನ್ಯ ನಿಯಮವನ್ನು ಮೀರುತ್ತದೆ. ಆಟದ ಪುಸ್ತಕವೂ ಹೀಗೆಂದೇ ಹೇಳುತ್ತದೆ. ತಣಿದರೆ ದ್ರವ ಕುಗ್ಗುತ್ತದೆ ಎಂಬುದು ಸಾಮಾನ್ಯ ನಿಯಮ. ನೀರು ಮಾತ್ರ 4 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ತಣಿಯುತ್ತಾ ಹೋದಂತೆ ಹಿಗ್ಗುತ್ತದೆ. ಇದನ್ನು ನೀವು ಓದಿಯೇ ಇದ್ದೀರಿ.

ತಂದೆತಾಯಿಯರಿಗೂ ಒಂದು ಮಾತು. ಮಕ್ಕಳು ಆಟದ ಪದವೊಂದಕ್ಕಾಗಿ ಕಿತ್ತಾಡುವಾಗ ‘ಸಾಕು, ಮುಚ್ಚಿಡಿ’ ಎಂದು ಗದರಬೇಡಿ, ತೀರ್ಪನ್ನೂ ಕೊಡಬೇಡಿ. ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎನ್ನಿ. ಸಿಗದಿದ್ದರೆ ಎಲ್ಲರೂ ಒಪ್ಪಿ ಒಂದು ಅರ್ಥವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ, ಅದೂ ದಾಳ ಉರುಳುವ ಮುಂಚೆ. ದಾಳ ಬಿದ್ದ ಮೇಲೆ ಅರ್ಥ ಹುಡುಕುವವನು ಅರ್ಥ ಹುಡುಕುತ್ತಿರುವುದಿಲ್ಲ, ಗೆಲುವು ಹುಡುಕುತ್ತಿರುತ್ತಾನೆ. ‘ದಾಳ ನಿನಗೆ ವಿರುದ್ಧವಾಗಿ ಬಿದ್ದಿದ್ದರೂ ಇದೇ ಅರ್ಥ ಹೇಳುತ್ತಿದ್ದೆಯಾ?’ ಎಂದು ಕೇಳಿ. ಹೌದೆಂದು ಎದೆ ಮುಟ್ಟಿ ಹೇಳಬಲ್ಲ ಹುಡುಗ ಆಟದಲ್ಲಿ ಸೋತರೂ ಗೆಳೆಯರು ಅವನನ್ನು ಮತ್ತೆ ಆಟಕ್ಕೆ ಕರೆಯುತ್ತಾರೆ.