ಬಿಪಿಯನ್ನು ಕೈಯಲ್ಲಿ ಮಾತ್ರ ನೋಡಿದರೆ ಸಾಕೇ?

ಮಿದುಳಿನ ಆಪರೇಷನ್ ಸರಿಯಾಗಿಯೇ ಆಗಿದೆ, ಆದರೆ ಎಚ್ಚರವಾದ ಮೇಲೆ ಕಾಲು ಎತ್ತಲು ಆಗುತ್ತಿಲ್ಲ ಅಂದರೆ ನಾವು ಮೊದಲು ಸಂಶಯಪಡುವುದು ಡಾಕ್ಟರರ ಮೇಲೆ. ಇಂಥದ್ದು ತೀರಾ ಅಪರೂಪ. ಆದಾಗಲೂ ಕಾರಣ ಕೆಲವೊಮ್ಮೆ ತಲೆಯಲ್ಲಿ ಇರುವುದಿಲ್ಲ, ಹುಟ್ಟಿನಿಂದಲೇ ಎದೆಯೊಳಗೆ ಅಡಗಿರುತ್ತದೆ.

ಹೃದಯದಿಂದ ಇಡೀ ಮೈಗೆ ರಕ್ತ ಒಯ್ಯುವ ಮಹಾಪಧಮನಿ ಕೆಲವರಲ್ಲಿ ಒಂದು ಕಡೆ ಕಿರಿದಾಗಿರುತ್ತದೆ. ವೈದ್ಯರು ಇದನ್ನು ಕೋಆರ್ಕ್ಟೇಶನ್ ಅನ್ನುತ್ತಾರೆ. ಹುಟ್ಟುವ 10 ಸಾವಿರ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಇದು ಉಂಟು. ತೋಟದ ಪೈಪನ್ನು ನಡುವೆ ಅದುಮಿ ಹಿಡಿದ ಹಾಗೆ. ತಲೆ, ಕೈಗಳಿಗೆ ಒತ್ತಡ ಜಾಸ್ತಿ, ಕಾಲಿಗೆ ಕಮ್ಮಿ. ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬುವ ಅನ್ಯೂರಿಸಂ ಸಾಮಾನ್ಯ ಜನರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಇದ್ದರೆ, ಈ ದೋಷ ಇರುವ ದೊಡ್ಡವರಲ್ಲಿ ಸುಮಾರು 10 ಮಂದಿಗೆ ಕಂಡುಬರುತ್ತದೆ.

ಆ ಉಬ್ಬು ಒಡೆಯದಿರಲೆಂದು ವೈದ್ಯರು ಬಿಪಿ ತಗ್ಗಿಸುತ್ತಾರೆ. ಕೈಯಲ್ಲಿ ನೋಡಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕಿರಿದಾದ ಜಾಗದಿಂದ ಕೆಳಗೆ ಮೊದಲೇ ಕಮ್ಮಿ ಇದ್ದ ಒತ್ತಡ ಇನ್ನೂ ಇಳಿದು, ಬೆನ್ನುಹುರಿಗೆ, ಕಿಡ್ನಿಗೆ ರಕ್ತ ಸಾಲದೆ ಹೋಗಬಹುದು. ಮೊದಲೇ ಗೊತ್ತಿದ್ದರೆ ಕಾಲಿನ ಬಿಪಿಯ ಮೇಲೂ ಕಣ್ಣಿಟ್ಟೇ ಆಪರೇಷನ್ ಮಾಡುತ್ತಾರೆ.

ಗೊತ್ತಾಗುವುದು ಹೇಗೆ? ಇಲ್ಲಿ ನಮ್ಮ ಮನೆಯವರ ಪಾಲೂ ಇದೆ. ಇಪ್ಪತ್ತೈದರ ಹುಡುಗನಿಗೆ ಬಿಪಿ ಅಂದರೆ, "ಟೆನ್ಷನ್‌ನಿಂದ ಮಾರಾಯ, ಉಪ್ಪು ಕಮ್ಮಿ ಮಾಡು ಸಾಕು" ಅನ್ನುತ್ತೇವೆ. ಹುಡುಗಿಗಾದರೆ ಸಂಬಂಧ ತಪ್ಪೀತೆಂದು ಬಾಯಿಯೇ ಬಿಡುವುದಿಲ್ಲ. ಇದು ಸರಿಯಲ್ಲ. ಚಿಕ್ಕ ಪ್ರಾಯದಲ್ಲಿ ಬಿಪಿ ಏರಿದ್ದರೆ ಅದಕ್ಕೊಂದು ಕಾರಣ ಹುಡುಕಲೇಬೇಕು. ಜೊತೆಗೆ ಆಗಾಗ ತಲೆನೋವು, ಮೂಗಿನಲ್ಲಿ ರಕ್ತ, ತಣ್ಣಗಿನ ಪಾದ, ನಡೆದರೆ ಕಾಲುನೋವು ಇದ್ದರೆ ತಡಮಾಡಬಾರದು.

"ಡಾಕ್ಟರೇ, ಕಾಲಿನ ಬಿಪಿಯನ್ನೂ ಒಮ್ಮೆ ನೋಡ್ತೀರಾ?" ಎಂದು ಕೇಳುವುದಕ್ಕೆ ನಾಚಿಕೆ ಬೇಡ. ತೊಡೆಸಂದಿನ ನಾಡಿ ಮುಟ್ಟಿ ನೋಡಿದರೂ ಸುಳಿವು ಸಿಗುತ್ತದೆ, ಅದಕ್ಕೆ ಖರ್ಚಿಲ್ಲ. ಸಂಶಯ ಬಂದರೆ ಎಕೋ, ಸ್ಕ್ಯಾನ್ ಮಾಡಿಸಿದರೆ ಆಯ್ತು.

ಹಿಂದೆಂದೂ ಕಾಣದಂಥ ತಲೆನೋವು ದಿಢೀರನೆ ಬಂದರೆ ಮಾತ್ರ ಮನೆಮದ್ದು ಹುಡುಕುತ್ತಾ ಕೂರದೆ ನೇರ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಆ ಗಡಿಬಿಡಿಯಲ್ಲೂ ಹಳೆಯ ಬಿಪಿ ಚೀಟಿ, ಮಾತ್ರೆ, ಹುಟ್ಟಿನಿಂದ ಇರುವ ಹೃದಯದ ತೊಂದರೆ, ಏನನ್ನೂ ಮುಚ್ಚಿಡದೆ ಹೇಳಬೇಕು. ಹೇಳಲು ಎರಡು ನಿಮಿಷ ಸಾಕು. ಬಚ್ಚಿಟ್ಟರೆ ನಮ್ಮ ಮಗ ಇಡೀ ಜೀವನ ಹಾಸಿಗೆಯಲ್ಲಿ ಕಳೆಯಬೇಕಾದೀತು.