ದಿನ ತುಂಬದ ಕೂಸಿಗೆ ತಾಯಿಯೇ ರಕ್ಷೆ

ಏಳು ತಿಂಗಳಿಗೇ ಹೆರಿಗೆಯಾಗಿ, ಒಂದೂಕಾಲು ಕಿಲೋ ತೂಕದ ಕೂಸನ್ನು ಬೆಳವಣಕಿಯಂಥ ಊರಿನಿಂದ ಗದಗಿನ ಆಸ್ಪತ್ರೆಗೆ ಒಯ್ಯುತ್ತಾರೆ ಎನ್ನಿ. ಜೊತೆಗೆ ಹೋಗುವವರು ಬಹಳ ಸಲ ತಂದೆ, ಇಲ್ಲವೇ ಅಜ್ಜಿ. ‘ಹಸಿ ಬಾಣಂತಿಗೆ ಗಾಳಿ ತಾಗಬಾರದು’ ಎಂದು ತಾಯಿಯನ್ನು ಮನೆಯಲ್ಲೇ ಉಳಿಸುತ್ತಾರೆ. ಕಾಳಜಿಯಿಂದಲೇ ಮಾಡುವ ಈ ತಪ್ಪು ಕೂಸಿನ ಜೀವಕ್ಕೆ ಎರವಾಗಬಹುದು.

ಏಕೆಂದರೆ, ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಕೂಸಿಗೆ ಹೆಚ್ಚಾಗಿ ದಾಟುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. 32 ವಾರಕ್ಕೆ ಮೊದಲೇ ಹುಟ್ಟಿದ ಕೂಸಿಗೆ ಈ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ಅದರ ಚರ್ಮ ತೆಳು, ಕರುಳು ಎಳೆಯದು. ರೋಗಾಣುಗಳು ಸುಲಭವಾಗಿ ರಕ್ತ ಸೇರಿ ನಂಜಾಗುತ್ತದೆ. ಕರುಳಿನ ಒಂದು ಭಾಗವೇ ಕೊಳೆಯುವ ಕಾಯಿಲೆಯೂ ಇಂಥ ಮಕ್ಕಳನ್ನು ಕಾಡುತ್ತದೆ. ಡಬ್ಬಿಹಾಲು ಕುಡಿದವರಿಗೆ ಇದರ ಅಪಾಯ ಹೆಚ್ಚು, ತಾಯಿಹಾಲು ಕುಡಿದವರಿಗೆ ಕಡಿಮೆ. ಮೊದಲ ದಿನಗಳ ಹಳದಿ ಹಾಲಿನಲ್ಲಂತೂ ರಕ್ಷಣೆಯ ವಸ್ತುಗಳು ತುಂಬಿರುತ್ತವೆ. ಅದನ್ನು ಹಿಂಡಿ ಚೆಲ್ಲಿ, ಬೆಲ್ಲದ ನೀರನ್ನೋ ಜೇನುತುಪ್ಪವನ್ನೋ ನೆಕ್ಕಿಸುವುದು ಬೇಡ.

‘ಕೂಸಿಗೆ ಚೀಪಲೇ ಬರುವುದಿಲ್ಲವಲ್ಲ?’ ಎನ್ನುವಿರಿ. ನಿಜ. ಚೀಪಿ, ನುಂಗಿ, ಉಸಿರಾಡುವ ಹೊಂದಾಣಿಕೆ ಬರುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಹಿಂಡಿದ ಹಾಲನ್ನು ನಳಿಕೆಯಿಂದ, ಆಮೇಲೆ ಒಳಲೆಯಿಂದ ಕೊಡುತ್ತಾರೆ. ತಾಯಿ ಸೋಪಿನಿಂದ ಕೈ ತೊಳೆದು, ಕುದಿಸಿದ ಬಟ್ಟಲಿಗೆ ದಿನಕ್ಕೆ ಎಂಟು ಸಲವಾದರೂ, ರಾತ್ರಿಯೂ ಬಿಡದೆ, ಹಾಲು ಹಿಂಡಬೇಕು. ಮೊದಮೊದಲು ಕೆಲವೇ ಹನಿ ಬಂದರೆ ಎದೆಗುಂದಬೇಡಿ. ಆ ಹನಿಗಳೂ ಕೂಸಿಗೆ ಔಷಧವೇ. ತೀರ ಸಣ್ಣ ಕೂಸಿಗೆ ಪ್ರೋಟೀನು, ಕ್ಯಾಲ್ಸಿಯಂ ಸಾಲದಿದ್ದರೆ ವೈದ್ಯರೇ ಆ ಹಾಲಿಗೆ ಸೇರಿಸುತ್ತಾರೆ. ನೀವಾಗಿ ಏನನ್ನೂ ಬೆರೆಸಬೇಡಿ.

ಹಾಲಿನಷ್ಟೇ ಮುಖ್ಯವಾದದ್ದು ತಾಯಿಯ ಮೈಬಿಸಿ. ಕೂಸನ್ನು ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವ ‘ಕಾಂಗರೂ ಆರೈಕೆ’ಯನ್ನು ನಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲೂ ಅಳವಡಿಸಿ ನೋಡಲಾಗಿದೆ. ದೆಹಲಿಯದೂ ಸೇರಿ ಐದು ಆಸ್ಪತ್ರೆಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 1ರಿಂದ 1.8 ಕಿಲೋ ತೂಕದ ಮಕ್ಕಳಿಗೆ, ಚೇತರಿಸಿಕೊಳ್ಳಲೆಂದು ಕಾಯದೆ ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದಾಗ, 28 ದಿನದೊಳಗಿನ ಸಾವು ಕಾಲು ಭಾಗದಷ್ಟು ಇಳಿಯಿತು. ನಂಜೂ ಕಡಿಮೆಯಾಯಿತು.

ಆದ್ದರಿಂದ ಆಸ್ಪತ್ರೆಯವರಲ್ಲಿ ನನ್ನ ವಿನಂತಿ: ತಾಯಿಯನ್ನು ಘಟಕದ ಬಾಗಿಲ ಹೊರಗೆ ಕೂರಿಸಬೇಡಿ. ಮನೆಯ ಹಿರಿಯರಲ್ಲಿಯೂ ಒಂದು ಮಾತು: ಬಾಣಂತನ ನಿಲ್ಲಿಸಿ ಎನ್ನುತ್ತಿಲ್ಲ, ಊಟ, ಬಿಸಿನೀರು, ಹೊದಿಕೆ ಎಲ್ಲವನ್ನೂ ಆಸ್ಪತ್ರೆಗೇ ಒಯ್ಯಿರಿ. ತಾಯಿ ಪ್ರಯಾಣ ಮಾಡಬಲ್ಲ ಸ್ಥಿತಿಯಲ್ಲಿದ್ದರೆ, ಕೂಸು ಹೊರಟ ಗಾಡಿಯಲ್ಲೇ ಅವಳೂ ಹೊರಡಲಿ.