ಸೂರಿನ ನೀರು ಚರಂಡಿಗೆ, ಬೋರಿನ ನೀರು ಬಡ್ಡಿಗೆ



ಊರೂರ ಗೋಡೆಯ ಮೇಲೆ ‘ನೀರು ಉಳಿಸಿ’ ಅಂತ ಬರೆಸಿದ್ದಾರೆ. ಯಾರಿಗೆ ಈ ಬುದ್ಧಿವಾದ? ನಾಲ್ಕು ಬಿಂದಿಗೆಯಲ್ಲಿ ದಿನ ದೂಡುವ ನಮ್ಮ ಹೆಣ್ಣುಮಕ್ಕಳಿಗೆ? ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಎಳೆಸಿಕೊಳ್ಳುವ ಬೆಂಗಳೂರಿನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದದ್ದು 2024ರ ಮಾರ್ಚ್‌ನಲ್ಲಿ, ನಲ್ಲಿ ಒಣಗಿದ ಮೇಲೆ. ಆ ನಗರ ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ನಾವು ಇದನ್ನು ಉಪಕಾರ ಅನ್ನಬೇಕಂತೆ!

ಅವರ ಲೆಕ್ಕ ಅತ್ತ ಇರಲಿ, ನಮ್ಮದು ನೋಡೋಣ. ಬೋರು ಕೊರೆಸಲು ಕೈಸಾಲ, ಒಡವೆ ಸಾಲ. ಸಾವಿರ ಅಡಿಗೆ ಧೂಳು ಎದ್ದರೆ ಬಡ್ಡಿ ನಿಲ್ಲುತ್ತದೆಯೇ? ನೀರು ಬಂದರೂ ಎಷ್ಟೋ ಊರುಗಳಲ್ಲಿ ಫ್ಲೋರೈಡು. ಮಕ್ಕಳ ಹಲ್ಲು ನೋಡಿದರೆ ಸಾಕು. ಆಮೇಲೆ ಘಟಕದ ಮುಂದೆ ನಿಂತು ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತೇವೆ. ರಾಗಿ ಬೆಲೆ ನಮ್ಮ ಕೈಲಿರಲಿಲ್ಲ, ಈಗ ಕುಡಿಯುವ ನೀರಿನ ಬೆಲೆಯೂ ಇಲ್ಲ.

ಹತ್ತು ಚದರದ ಮನೆ ಅಂದರೆ 1,000 ಚದರಡಿ ಸೂರು. ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವುದು 65,000 ಲೀಟರ್. ಸೋರಿದ್ದು, ಆರಿದ್ದು ಅಂತ ಐದರಲ್ಲೊಂದು ಪಾಲು ಕಳೆಯಿರಿ, 52,000 ಉಳಿಯಿತು. ಐದು ಜನರ ಮನೆಯಲ್ಲಿ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರ್ ಹಿಡಿದರೆ 10,000 ಲೀಟರಿನ ತೊಟ್ಟಿ 200 ದಿನ ಬರುತ್ತದೆ. ಕಾರ್ತಿಕದ ಮಳೆಗೆ ತುಂಬಿದ್ದು ಮುಂಗಾರು ಮುಟ್ಟಿಸುತ್ತದೆ. ಸೂರಿನ ಅಂಚಿಗೆ ತಗಡಿನ ದೋಣಿ ಕಟ್ಟಿ, ಮೊದಲ ಮಳೆಯ ಕೊಳೆ ಹೊರಗೆ ಬಿಡಿ, ಜಲ್ಲಿ, ಮರಳು, ಇದ್ದಿಲಿನ ಮೇಲೆ ಸೋಸಿ, ತೊಟ್ಟಿಗೆ ಬೆಳಕು ಬೀಳದಂತೆ ಮುಚ್ಚಿ. ಕುದಿಸಿ ಕುಡಿಯಿರಿ. ಫ್ಲೋರೈಡಿನ ಕಾಟವಿಲ್ಲ. ಮೋಟಾರೂ ಬೇಡ, ಕರೆಂಟಿಗಾಗಿ ರಾತ್ರಿ ಕಾಯುವುದೂ ಬೇಡ.

ಬಚ್ಚಲ ನೀರಿನದೂ ಇದೇ ಕಥೆ. ಮೊದಲು ಹಿತ್ತಲ ಬಾಳೆಗೆ, ತೆಂಗಿಗೆ ಹೋಗುತ್ತಿತ್ತು. ಈಗ ಸಿಮೆಂಟು ಚರಂಡಿ ಹಿಡಿದು ಬೀದಿಗೆ, ಸೊಳ್ಳೆಗೆ.

ತೊಟ್ಟಿಗೆ ದುಡ್ಡೆಲ್ಲಿ ಅಂತೀರಿ. ಫೇಲಾದ ಒಂದು ಬೋರಿಗೆ ಸುರಿದದ್ದರಲ್ಲಿ ಒಂದು ಪಾಲು ಸಾಕಿತ್ತು. ಹಾಗಂತ ಪೂರಾ ಖರ್ಚು ನಮ್ಮ ತಲೆಗೇ ಯಾಕೆ? ಬೇಸಿಗೆ ಬಂದರೆ ಟ್ಯಾಂಕರಿನ ಬಿಲ್ಲಿಗೆ ದುಡ್ಡು ಹುಟ್ಟುತ್ತದಲ್ಲ! ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಹೋದ ವರ್ಷ ಟ್ಯಾಂಕರಿಗೆ ಎಷ್ಟು ಕೊಟ್ಟಿರಿ, ಮನೆ ಮನೆಯ ತೊಟ್ಟಿಗೆ ಎಷ್ಟು ಇಟ್ಟಿದ್ದೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಕೂರಬೇಡಿ.